ಹಾಜರಿ ಹಾಳೆ

ನಮ್ಮ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ಹಾಜರಿ ಕರೆಯುವಾಗ, ಬಾರದ ಗೆಳತಿಯರ ಪರವಾಗಿಯೂ ನಾವೇ ‘ಎಸ್ ಸರ್’ ಎಂದುಬಿಡುತ್ತಿದ್ದೆವು. ಹೆಸರೆಂದರೆ ನಮಗೆ ಅಷ್ಟೇ ಆಗಿತ್ತು. ಅದೇ ಮೇಷ್ಟ್ರು 1992ರಲ್ಲಿ ಆಗ್ನೇಯ ಏಷ್ಯಾದ ಪಾಠವನ್ನು ಎರಡು ತರಗತಿಗಳಲ್ಲಿ ಮುಗಿಸಿದರು. ಕಾಂಬೋಡಿಯಾಕ್ಕೆ ಸಿಕ್ಕಿದ್ದು ನೋಟ್ಸಿನ ನಾಲ್ಕು ಸಾಲು. ಆ ನಾಲ್ಕು ಸಾಲುಗಳನ್ನು ದಾಟಿ ಬದುಕಿ ಬಂದವರೊಬ್ಬರ ಪಕ್ಕದಲ್ಲಿ ಕುಳಿತು ಓದುವ ಯೋಗ ಮುಂದೆ ನನಗೆ ಬಂತು. ಜೊತೆಯಲ್ಲಿ ಓದಿದವರ ಬಗ್ಗೆ ಈ ಸಂಚಿಕೆಗೆ ನೆನಪು ಬರೆಯಿರಿ ಎಂದು ಕೇಳಿದಾಗ ಕಣ್ಣೆದುರಿಗೆ ಬಂದವರು ಅವರೇ.

ಮದುವೆಯಾಗಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸೇರಿದ ಮೇಲೆ, 1997ರಲ್ಲಿ, ಲೆಕ್ಕಪತ್ರದ ಸಂಜೆ ತರಗತಿಗೆ ಹೋಗತೊಡಗಿದೆ. ಆ ಊರಿನ ಅನಾಹೈಮ್ ಬೀದಿಯಲ್ಲಿ ಎಲ್ಲಿ ನೋಡಿದರೂ ಕಾಂಬೋಡಿಯಾದವರ ಖ್ಮೇರ್ ಲಿಪಿಯ ಬೋರ್ಡುಗಳು. 2007ರಲ್ಲಿ ಆ ಭಾಗಕ್ಕೆ ‘ಕಾಂಬೋಡಿಯಾ ಟೌನ್’ ಎಂದೇ ಅಧಿಕೃತವಾಗಿ ಹೆಸರಾಯಿತು. ನನ್ನ ಬೆಂಚಿನ ಜೊತೆಗಾರರಿಗೆ ಆಗ ಐವತ್ತರ ಹತ್ತಿರ. ಬೆಳಗಿನ ಜಾವ ಎರಡಕ್ಕೆ ಎದ್ದು ಡೋನಟ್ ಕರಿಯುವುದು ಅವರ ಕಸುಬು. ಅಲ್ಲಿನ ಸಣ್ಣ ಡೋನಟ್ ಅಂಗಡಿಗಳಲ್ಲಿ ಹೆಚ್ಚಿನವು ಖ್ಮೇರ್ ನಿರಾಶ್ರಿತರವೇ. ತರಗತಿಯ ಖ್ಮೇರ್ ಹುಡುಗರು ಅವರನ್ನು ‘ಪೂ’ ಎನ್ನುತ್ತಿದ್ದರು, ಚಿಕ್ಕಪ್ಪ ಎಂದು. ನನಗೂ ಅವರು ಪೂ ಆದರು.

ಪ್ರತಿ ಸಂಜೆ ಹಾಜರಿ ಹಾಳೆ ಬೆಂಚಿನಿಂದ ಬೆಂಚಿಗೆ ಬರುತ್ತಿತ್ತು. ಪೂ ಪೆನ್ನು ಹಿಡಿದು, ಮೊನೆಯನ್ನು ಕಾಗದಕ್ಕೆ ತಾಗಿಸದೆ, ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆಮೇಲೆ ಒಂದೊಂದೇ ಅಕ್ಷರವನ್ನು ದುಂಡಗೆ ಬರೆಯುತ್ತಿದ್ದರು. ಇಂಗ್ಲಿಷಿನ ಅಂಜಿಕೆ ಎಂದುಕೊಂಡಿದ್ದೆ. ಎಷ್ಟು ತಪ್ಪು ತಿಳಿದಿದ್ದೆ!

ಅವರು ಶಿಕ್ಷಕರ ತರಬೇತಿಯಲ್ಲಿದ್ದವರು. 1970ರ ಮಾರ್ಚ್ 18ರಂದು ಕಾಂಬೋಡಿಯಾದ ಮುಖ್ಯಸ್ಥರಾಗಿದ್ದ ಸಿಹಾನೂಕ್ ಅವರನ್ನು ಇಳಿಸಿ ಸೇನಾನಿ ಲೋನ್ ನೋಲ್ ಅಧಿಕಾರ ಹಿಡಿದ ಮೇಲೆ ಸಾವಿರಾರು ವಿದ್ಯಾರ್ಥಿಗಳಂತೆ ಸೈನ್ಯಕ್ಕೆ ಸೇರಿದರು. ತರಬೇತಿ ಕೆಲವೇ ದಿನ. ಯುದ್ಧಕ್ಕೆ ಹೋದದ್ದು ಪೆಪ್ಸಿ ಸಾಗಿಸುವ ಲಾರಿಯಲ್ಲಿ. ಐದು ವರ್ಷ ಹೋರಾಡಿದರು. 1975ರ ಏಪ್ರಿಲ್ 17ರಂದು ಅವರೆದುರು ಹೋರಾಡುತ್ತಿದ್ದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ರಾಜಧಾನಿ ನೋಮ್ ಪೆನ್ ಹೊಕ್ಕಾಗ, ಯುದ್ಧ ಮುಗಿಯಿತೆಂದು ಜನ ಬಿಳಿ ಬಟ್ಟೆ ಬೀಸಿದ್ದರು. ಅದೇ ದಿನ ಊರು ಖಾಲಿ ಮಾಡಿಸುವುದು ಶುರುವಾಯಿತು. ಅಮೆರಿಕದವರು ಬಾಂಬ್ ಹಾಕುತ್ತಾರೆ, ಮೂರು ದಿನ ಹೊರಗಿದ್ದರೆ ಸಾಕು ಎಂದು ಹೇಳಿ ಸುಮಾರು 20 ಲಕ್ಷ ಜನರನ್ನು, ಆಸ್ಪತ್ರೆಯ ಮಂಚದ ಮೇಲಿದ್ದವರನ್ನೂ ಬಿಡದೆ, ರಸ್ತೆಗೆ ಅಟ್ಟಿದರು. ಪೂ ಸಮವಸ್ತ್ರ ಸುಟ್ಟರು. ಸೊಂಟಕ್ಕೆ ಕ್ರಾಮಾ ಎಂಬ ಚೌಕಳಿ ವಸ್ತ್ರ ಸುತ್ತಿ, ಹೆಂಡತಿ ಮತ್ತು ಎರಡು ವರ್ಷದ ಮಗಳೊಂದಿಗೆ ಹೊರಟರು.

ದಾರಿಯಲ್ಲಿ ಮೇಜು ಹಾಕಿಕೊಂಡು ಹೆಸರು ಬರೆಸುತ್ತಿದ್ದರಂತೆ. ಸೈನಿಕರು, ಅಧಿಕಾರಿಗಳು ತಮ್ಮ ಹುದ್ದೆಯನ್ನು ಇದ್ದಂತೆ ಬರೆಯಬೇಕು, ದೇಶ ಕಟ್ಟಲು ಅವರು ಬೇಕು ಎಂದು. ಸೈನ್ಯದಲ್ಲೇ ಇದ್ದ ಪೂ ಅವರ ಅಣ್ಣ ನಂಬಿ ಬರೆದರು. ಬರೆದವರನ್ನು ಲಾರಿ ಹತ್ತಿಸಿದರು. ಆ ಲಾರಿಯಲ್ಲಿ ಹೋದವರು ಯಾರೂ ಹಿಂತಿರುಗಲಿಲ್ಲ. ಪೂ ಮಾತ್ರ ತಾನು ಸೈಕ್ಲೊ, ಅಂದರೆ ಸೈಕಲ್ ರಿಕ್ಷಾ, ತುಳಿಯುವವನು, ಓದು ಬರಹ ಬಾರದು ಎಂದರು. ಮೇಜಿನಾಚೆ ಇದ್ದವನು ಹದಿನೈದರ ಹುಡುಗ. ಒಂದು ಕಾಗದ ಚಾಚಿ, ಓದು ಎಂದ. ಪೂ ಅದನ್ನು ತಲೆಕೆಳಗಾಗಿ ಹಿಡಿದು ಪಿಳಿಪಿಳಿ ನೋಡುತ್ತ ನಿಂತರು.

ಖ್ಮೇರ್ ರೂಜ್ ಆಳ್ವಿಕೆ ನಡೆದದ್ದು 3 ವರ್ಷ, 8 ತಿಂಗಳು, 20 ದಿನ. ಖ್ಮೇರ್ ಜನ ಈ ಲೆಕ್ಕವನ್ನು ದಿನದ ಸಮೇತ ಹೇಳುತ್ತಾರೆ. ಓದಿದವನೆಂದು ತಿಳಿದರೂ ಜೀವಕ್ಕೆ ಅಪಾಯ. ಅಷ್ಟೂ ದಿನ ಪೂ ಅಕ್ಷರ ಬಾರದವರಾಗಿ ಬದುಕಿದರು. ಕಾಲುವೆ ತೋಡುವಾಗ, ಅಗುಳು ಎಣಿಸಬಹುದಾದಂಥ ಗಂಜಿಗೆ ಸಾಲು ನಿಂತಾಗ, ಬರಹವಿದ್ದ ಕಡೆ ಕಣ್ಣು ಹೋಗದಂತೆ ಕಾಯಬೇಕಿತ್ತು. “ಕಣ್ಣು ತಾನಾಗಿಯೇ ಓದಿಬಿಡುತ್ತದೆ ಮಗಳೇ. ಹಸಿವನ್ನಾದರೂ ತಡೆದುಕೊಳ್ಳಬಹುದು, ಅದನ್ನು ತಡೆಯುವುದು ಕಷ್ಟ” ಎಂದಿದ್ದರು. 1977ರಲ್ಲಿ ಮಗಳು ತೀರಿಕೊಂಡಳು. ಹೆಂಡತಿಯೂ ಹೆಚ್ಚು ದಿನ ಉಳಿಯಲಿಲ್ಲ. ಸತ್ತವರು 17 ಲಕ್ಷದ ಆಸುಪಾಸು ಎಂಬ ಅಂದಾಜನ್ನು ಈಗ ಎಲ್ಲಿ ಓದಿದರೂ ನಾನು ಆ ಅಂಕಿಯಲ್ಲಿ ಮೊದಲು ಹುಡುಕುವುದು ಆ ಮಗುವನ್ನು.

1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನೋಮ್ ಪೆನ್ ಹಿಡಿಯಿತು. ಪೂ ನಡೆದೇ ಥಾಯ್ ಗಡಿ ದಾಟಿ, ಖಾವೊ ಇ ದಾಂಗ್ ಶಿಬಿರದ ಬಿದಿರಿನ ಗುಡಿಸಲಲ್ಲಿದ್ದು, 1981ರಲ್ಲಿ ಅಮೆರಿಕಕ್ಕೆ ಬಂದರು.

ಕೊನೆಯ ಪರೀಕ್ಷೆಯ ರಾತ್ರಿ ಬಸ್ ನಿಲ್ದಾಣದಲ್ಲಿ ಕಿಸೆಯಿಂದ ಒಂದು ಮಡಿಸಿದ ಹಾಳೆ ತೆಗೆದರು. ಮಗಳ ಹೆಸರು ಖ್ಮೇರ್‌ನಲ್ಲಿತ್ತು, ಇಂಗ್ಲಿಷಿನಲ್ಲಿತ್ತು, ಕೊರಿಯಾದ ಸಹಪಾಠಿಯ ಕೈಯಲ್ಲಿ ಅವರ ಲಿಪಿಯಲ್ಲೂ ಇತ್ತು. ಅವಳ ಫೋಟೊ ಇಲ್ಲ, ಹುಟ್ಟಿದ ದಾಖಲೆಯಿಲ್ಲ. “ನಿನ್ನ ಅಕ್ಷರದಲ್ಲೂ ಬರೆ” ಎಂದರು. ಬೀದಿದೀಪದ ಬೆಳಕಿನಲ್ಲಿ, ಅವರು ಬರೆಯುವ ಹಾಗೆಯೇ ನಿಧಾನವಾಗಿ, ಕನ್ನಡದಲ್ಲಿ ಬರೆದೆ. ಆ ಹೆಸರಿನಲ್ಲಿ ಒಂದು ಒತ್ತಕ್ಷರವಿತ್ತು. ಖ್ಮೇರ್ ಬರಹದಲ್ಲೂ ಒತ್ತು ಕೆಳಗೇ ಬರುತ್ತದೆ, ಅದನ್ನು ಅವರು ಅಕ್ಷರದ ಕಾಲು ಎನ್ನುತ್ತಾರೆ. ಪೂ ಆ ಒತ್ತಿನ ಮೇಲೆ ಬೆರಳಿಟ್ಟು, “ನಿಮ್ಮದಕ್ಕೂ ಕಾಲಿದೆ” ಎಂದರು. ಬಸ್ಸು ಬರುವವರೆಗೂ ಬೆರಳು ತೆಗೆಯಲಿಲ್ಲ.