ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ

23 ಡಿಸೆಂಬರ್ 2020, ಬುಧವಾರ, ರಾತ್ರಿ

ಬೆರಳಿಗೆ ಅಂಟಿದ ನೇರಳೆ ಬಣ್ಣ ಸೋಪಿಗೂ ಹೋಗಲಿಲ್ಲ, ಹುಣಸೆಹಣ್ಣಿಗೂ ಹೋಗಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮತ ಒತ್ತುವ ಸೀಲು ಕೈಯಲ್ಲೇ ಇತ್ತು. ನಮ್ಮ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳಿಗೆ ಮತದಾನ ಎರಡನೇ ಹಂತದಲ್ಲಿ, ಇದೇ 27ರ ಭಾನುವಾರ. ಮೊದಲ ಹಂತದ 117 ತಾಲ್ಲೂಕುಗಳಲ್ಲಿ ನಿನ್ನೆ ಮುಗಿದಿದೆ. ಉಳಿದ 109ರಲ್ಲಿ ನಮ್ಮದೂ ಒಂದು. ಇವತ್ತು ಮತಗಟ್ಟೆ ಸಿಬ್ಬಂದಿಗೆ ಎರಡನೆಯ ಮತ್ತು ಕೊನೆಯ ತರಬೇತಿ. ಇನ್ನು ಅವರನ್ನು ನೋಡುವುದು 26ರಂದು ಮಸ್ಟರಿಂಗ್ ಕೇಂದ್ರದಲ್ಲಿ, ಅಲ್ಲಿ ಸಾಮಾನು ಎಣಿಸಿಕೊಂಡು ಬಸ್ಸು ಹತ್ತುವ ಗಡಿಬಿಡಿ. ಆಗ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ.

ತರಬೇತಿ ಕೊಡಲು ನನ್ನ ಪಾಲಿಗೆ ಬಂದದ್ದು ಪ್ರೌಢಶಾಲೆಯ ಮೂಲೆಯ ಕೊಠಡಿ. ಮಕ್ಕಳಿಲ್ಲದೆ ಒಂಬತ್ತು ತಿಂಗಳಾಗಿದೆ. ಬೇಸಿಗೆ ಕಳೆದ ಮೇಲೆ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಂಟಿಸಿದ ನೋಂದಣಿ ಸಂಖ್ಯೆಯ ಚೀಟಿಗಳು ಡೆಸ್ಕುಗಳ ಮೇಲೆ ಇನ್ನೂ ಹಾಗೆಯೇ ಇವೆ. ಒಂದು ಡೆಸ್ಕಿಗೆ ಒಬ್ಬರಂತೆ ನಲವತ್ತು ಜನ ಕುಳಿತರು. ಹೆಚ್ಚಿನವರು ಶಿಕ್ಷಕರು, ಜೊತೆಗೆ ಪುರಸಭೆಯ ಕಂದಾಯ ವಿಭಾಗದವರು, ಬೇರೆ ಹೋಬಳಿಯ ಪಂಚಾಯಿತಿ ಕಾರ್ಯದರ್ಶಿಗಳು, ಲೋಕೋಪಯೋಗಿ ಇಲಾಖೆಯ ಒಬ್ಬ ಎಂಜಿನಿಯರ್, ಹಿಂದಿನ ಸಾಲಿನಲ್ಲಿ ಮೂವರು ಗ್ರೂಪ್ ಡಿ ನೌಕರರು. ಎಲ್ಲರ ಮುಖಕ್ಕೂ ಮಾಸ್ಕ್. ಕಣ್ಣಷ್ಟೇ ನೋಡಿ ಯಾರಿಗೆ ಅರ್ಥವಾಗಿದೆ, ಯಾರಿಗೆ ಆಗಿಲ್ಲ ಎಂದು ತಿಳಿಯುವುದು ಇಷ್ಟು ವರ್ಷ ಪಾಠ ಮಾಡಿದ ನನಗೂ ಕಷ್ಟವಾಯಿತು.

"ನಿಮ್ಮಲ್ಲಿ ಎಷ್ಟು ಜನ ಚುನಾವಣಾ ಕರ್ತವ್ಯ ಮಾಡಿದ್ದೀರಿ?" ಎಂದು ಕೇಳಿದೆ. ಮೂವತ್ತಕ್ಕೂ ಹೆಚ್ಚು ಕೈ ಎದ್ದವು. "ಮತಪತ್ರದ ಚುನಾವಣೆ?" ಎಂದೆ. ಒಂಬತ್ತು ಕೈ ಉಳಿದವು.

ಈ ಸಲದ ಕಷ್ಟವೆಲ್ಲ ಆ ಒಂಬತ್ತು ಕೈಗಳಲ್ಲೇ ಇದೆ. ಈಗ ಮೂವತ್ತೈದರ ಒಳಗಿರುವ ನೌಕರರು ವಿಧಾನಸಭೆ, ಲೋಕಸಭೆ ಎಂದು ಮತಯಂತ್ರವನ್ನೇ ನೋಡಿ ಬೆಳೆದವರು. ಕಳೆದ ವರ್ಷದ ಲೋಕಸಭಾ ಚುನಾವಣೆಯಲ್ಲಿ ವಿವಿಪ್ಯಾಟ್ ಜೋಡಿಸಿ, ಅಣಕು ಮತದಾನ ಮಾಡಿಸಿ, ಎಲ್ಲವನ್ನೂ ಚೆನ್ನಾಗಿಯೇ ನಡೆಸಿದ್ದಾರೆ. ಗ್ರಾಮ ಪಂಚಾಯಿತಿಗೆ ಈ ಸಲ ಬೀದರ್ ಜಿಲ್ಲೆಯಲ್ಲಿ ಮಾತ್ರ ಯಂತ್ರ, ಉಳಿದೆಡೆ ಕಾಗದ, ಸೀಲು, ಕಬ್ಬಿಣದ ಪೆಟ್ಟಿಗೆ. ಯಂತ್ರವಾದರೆ ಗುಂಡಿ ಒತ್ತಿದೊಡನೆ ಬೀಪ್ ಎನ್ನುತ್ತದೆ, ಮತ ಬಿತ್ತು ಎಂದು ಕೊಠಡಿಗೆಲ್ಲ ಗೊತ್ತಾಗುತ್ತದೆ. ಕಾಗದ ಏನನ್ನೂ ಹೇಳುವುದಿಲ್ಲ. ಅದರ ಹಿಂಬದಿಯಲ್ಲಿ ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಯ ಸಹಿ ಇಲ್ಲದಿದ್ದರೆ, ಮೊಹರು ಮರೆತಿದ್ದರೆ, ಮಡಿಕೆ ತಪ್ಪಿದ್ದರೆ, ಮೂರು ದಿನ ಬಿಟ್ಟು ಎಣಿಕೆಯ ಮೇಜಿನ ಮೇಲೆ ಆ ಮತದ ಮೇಲೆ ಜಗಳ ಎದ್ದಾಗಲೇ ಅದು ತಿಳಿಯುವುದು. ಅಷ್ಟು ಹೊತ್ತಿಗೆ ಮತ ಹಾಕಿದ ಅಜ್ಜಿ ಊರಲ್ಲಿ ರಾಗಿ ತೂರುತ್ತಿರುತ್ತಾಳೆ. ಮತದಾರಳ ತಪ್ಪಿಗೆ ಮತದಾರಳೇ ಹೊಣೆ, ಒಪ್ಪುತ್ತೇನೆ. ನಮ್ಮ ತಪ್ಪಿಗೆ ಅವಳ ಮತ ಪ್ರಶ್ನೆಗೆ ಸಿಕ್ಕಿಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ.

ಮೊದಲನೆಯ ತರಬೇತಿಯಲ್ಲಿ ಕೈಪಿಡಿ ಓದಿಸಿ, ಪರದೆಯ ಮೇಲೆ ಸ್ಲೈಡ್ ತೋರಿಸಿ, ಚಹಾ ಕುಡಿಸಿ ಕಳುಹಿಸಿದ್ದೆವು. ಅದರಿಂದ ಆಗುವುದು ಅಷ್ಟರಲ್ಲೇ ಇದೆ. ಹಾಗಾಗಿ ಇವತ್ತು ಕೈಪಿಡಿಯನ್ನು ಮುಚ್ಚಿಸಿದೆ. ನಿನ್ನೆ ರಾತ್ರಿ ಮನೆಯಲ್ಲಿ ಇನ್ನೂರು ಅಣಕು ಮತಪತ್ರ ಕತ್ತರಿಸಿ ಇಟ್ಟಿದ್ದೆ. ಅಭ್ಯರ್ಥಿಗಳ ಹೆಸರಿನ ಜಾಗದಲ್ಲಿ ಮಾವು, ಹಲಸು, ಬಾಳೆ, ಸೀಬೆ, ಸೀತಾಫಲ, ದಾಳಿಂಬೆ, ನೇರಳೆ. ಏಳು ಹಣ್ಣು, ಮೂರು ಸ್ಥಾನ.

ಮೂರು ಸ್ಥಾನ ಎಂದಾಗ ಎಂಜಿನಿಯರ್ ಕೈ ಎತ್ತಿದರು. "ಮೂರು ಸ್ಥಾನ ಎಂದರೆ ಮೂರು ಮತಪತ್ರ ಕೊಡಬೇಕೇ ಮೇಡಂ?" ಕೇಳಿದ್ದು ಒಳ್ಳೆಯದಾಯಿತು, ಅವರು ಕೇಳದಿದ್ದರೆ ಇನ್ನೂ ಹತ್ತು ಜನ ಅದೇ ಅನುಮಾನವನ್ನು ಮತಗಟ್ಟೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಪಂಚಾಯಿತಿಯಲ್ಲಿ ಸಾಮಾನ್ಯವಾಗಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಊರು ದೊಡ್ಡದಾದಂತೆ ಒಂದೇ ಕ್ಷೇತ್ರಕ್ಕೆ ಎರಡು, ಮೂರು, ನಾಲ್ಕು ಸ್ಥಾನ ಬರುತ್ತವೆ. ಮತದಾರರಿಗೆ ಕೊಡುವುದು ಒಂದೇ ಕಾಗದ. ಸ್ಥಾನ ಎಷ್ಟೋ ಅಷ್ಟು ಮತ. ಒಬ್ಬ ಅಭ್ಯರ್ಥಿಗೆ ಒಂದೇ ಮತ. ಮೂರು ಸ್ಥಾನವಿರುವಲ್ಲಿ ಇಬ್ಬರಿಗೆ ಒತ್ತಿ ಬಿಡಬಹುದು, ಒಬ್ಬರಿಗೇ ಒತ್ತಿ ಬಿಡಬಹುದು, ಆದರೆ ನಾಲ್ಕನೆಯವರಿಗೆ ಒತ್ತಿದರೆ ಇಡೀ ಮತಪತ್ರವೇ ಹೋಗುತ್ತದೆ. ಅದರಲ್ಲಿ ಒಂದು ಮೀಸಲು ಸ್ಥಾನವಾದರೂ ಮತ ಹಾಕುವವರು ಕ್ಷೇತ್ರದ ಎಲ್ಲರೂ. ಇಷ್ಟನ್ನು ಓದು ಬಾರದ ಒಬ್ಬರಿಗೆ, ಹಿಂದೆ ಅರವತ್ತು ಜನ ಸಾಲು ನಿಂತಿರುವಾಗ, ಯಾರ ಕಡೆಗೂ ವಾಲದ ಮಾತಿನಲ್ಲಿ ಹೇಳಬೇಕು. "ಮೂರು ಜನಕ್ಕೆ ಹಾಕಿ ಅಜ್ಜಿ" ಎಂದರೆ ತಪ್ಪು. "ಮೂರು ಜನರವರೆಗೆ ಹಾಕಬಹುದು" ಎನ್ನಬೇಕು. ಈ ಎರಡು ವಾಕ್ಯದ ವ್ಯತ್ಯಾಸಕ್ಕೆ ನಾನು ಕಾಲು ಗಂಟೆ ಕೊಟ್ಟೆ. ಒಬ್ಬೊಬ್ಬರನ್ನೂ ಎಬ್ಬಿಸಿ ಹೇಳಿಸಿದೆ. ದೊಡ್ಡವರನ್ನು ಹೀಗೆ ಮಗ್ಗಿ ಒಪ್ಪಿಸಿದಂತೆ ಹೇಳಿಸುವುದು ಕೆಲವರಿಗೆ ಹಿಡಿಸಲಿಲ್ಲ, ಮುಖ ತಿರುಗಿಸಿದರು. ಆದರೂ ಬಿಡಲಿಲ್ಲ.

ನಿನ್ನೆ ಕತ್ತರಿಸುವಾಗ ಅತ್ತೆಯವರ ಕೈಗೆ ಒಂದು ಕಾಗದ ಕೊಟ್ಟು ಪರೀಕ್ಷೆ ಮಾಡಿದ್ದೆ. ಎಪ್ಪತ್ತೆರಡು ವರ್ಷ, ಸಹಿ ಮಾತ್ರ ಬರುತ್ತದೆ. "ಮೂರೂ ಒತ್ತಲೇಬೇಕೇನಮ್ಮಾ? ನನಗೆ ಬೇಕಾದ್ದು ಎರಡೇ" ಎಂದರು. ತರಬೇತಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆಯುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಡಿಕೆ. ಇದನ್ನು ಹೇಳಿಕೊಡುವಾಗ ನನ್ನ ಮನಸ್ಸು ಪ್ರತಿ ಸಲವೂ 2005ಕ್ಕೆ ಹೋಗುತ್ತದೆ. ನನ್ನ ಮೊದಲ ಪಂಚಾಯಿತಿ ಚುನಾವಣೆ, ಮತಪತ್ರ ಹರಿದುಕೊಡುವ ಕೆಲಸ ನನ್ನದು. ಬೆಳಗಿನ ಮೊದಲ ಅರ್ಧ ಗಂಟೆ ಕಾಗದವನ್ನು ಮಡಿಸದೆ ಹಾಗೆಯೇ ಕೊಟ್ಟುಬಿಟ್ಟೆ. ಜನ ತಮಗೆ ತಿಳಿದಂತೆ ಮಡಿಸಿ ಪೆಟ್ಟಿಗೆಗೆ ಹಾಕಿದರು. ನಮ್ಮ ಅಧ್ಯಕ್ಷಾಧಿಕಾರಿ ಹಿರಿಯ ಮೇಷ್ಟ್ರು. ಅವರು ಬೈಯಲಿಲ್ಲ. ನನ್ನ ಪಕ್ಕ ಕುಳಿತು, ಹಾಳಾದ ಒಂದು ಕಾಗದದ ಮೇಲೆ ಸೀಲು ಒತ್ತಿ, ಅಡ್ಡಕ್ಕೆ ಮಡಿಸಿ, ಬಿಚ್ಚಿ ತೋರಿಸಿದರು. ಒತ್ತಿದ ಗುರುತಿನ ಹಸಿ ಬಣ್ಣ ಕೆಳಗಿನ ಅಭ್ಯರ್ಥಿಯ ಚಿಹ್ನೆಯ ಮೇಲೂ ಮೂಡಿತ್ತು. ಒಂದು ಮತ ಎರಡಾಗಿತ್ತು. ನಾನು ಹಾಗೆ ಕೊಟ್ಟ ಕಾಗದ ಎಷ್ಟಿದ್ದವೋ, ಎಷ್ಟು ಕೆಟ್ಟವೋ, ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಆ ಊರಿನ ಹೆಸರು ಬಸ್ಸಿನ ಬೋರ್ಡಿನಲ್ಲಿ ಕಂಡರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇವತ್ತು ಅದನ್ನೇ ಮಾಡಿ ತೋರಿಸಿದೆ. ಪ್ಯಾಡಿಗೆ ಸೀಲನ್ನು ಒತ್ತಿ ಮಾವಿನ ಎದುರು ಗುರುತು. ಕಾಗದವನ್ನು ಅಡ್ಡಕ್ಕೆ ಮಡಿಸಿ ಬಿಚ್ಚಿದೆ. ಸೀತಾಫಲದ ಮೇಲೆ ಅದೇ ಗುರುತು ತಿಳಿ ನೇರಳೆಯಾಗಿ ಕೂತಿತ್ತು. ಇನ್ನೊಂದು ಕಾಗದ ತೆಗೆದುಕೊಂಡು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿದೆ. ಈಗ ಬಣ್ಣ ತಾಗಿದರೂ ಅದೇ ಹಣ್ಣಿನ ಸಾಲಿನ ಆಚೆ ಬದಿಗೆ ತಾಗುತ್ತದೆ, ಪಕ್ಕದ ಹಣ್ಣಿಗೆ ದಾಟುವುದಿಲ್ಲ. ಮತದಾರರ ಕೈಗೆ ಕೊಡುವ ಮುನ್ನವೇ ನಾವು ಹೀಗೆ ಎರಡು ಮಡಿಕೆ ಹಾಕಿ, ಉಗುರಿನಿಂದ ಗೆರೆ ಎಳೆದು, ಬಿಚ್ಚಿ ಕೊಡಬೇಕು. ಒಮ್ಮೆ ಗೆರೆ ಬಿದ್ದ ಕಾಗದ ತಾನಾಗಿಯೇ ಆ ಗೆರೆಯ ಮೇಲೆ ಮಡಚಿಕೊಳ್ಳುತ್ತದೆ. ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ.

ಹಿಂದಿನ ಸಾಲಿನ ಗ್ರೂಪ್ ಡಿ ನೌಕರರೊಬ್ಬರು ಎದ್ದು ಬಂದು ಎರಡೂ ಕಾಗದಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಸೀರೆ ಮಡಿಸಿದ ಹಾಗೆಯೇ ಮೇಡಂ, ಅಂಚಿಗೆ ಅಂಚು" ಎಂದರು. ಅವರ ಮನೆಯವರು ನೇಯ್ಗೆಯವರಂತೆ. ಕೊಠಡಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಡಿಸಿದವರು ಅವರೇ. ಆಮೇಲೆ ಶಿಕ್ಷಕರಿಗೆ, ಎಂಜಿನಿಯರಿಗೆ ಅವರಿಂದಲೇ ಹೇಳಿಕೊಡಿಸಿದೆ. ಒಬ್ಬೊಬ್ಬರೂ ನಾಲ್ಕೈದು ಕಾಗದ ಮಡಿಸಿದರು. ಮಾತಿಲ್ಲ, ಬರೀ ಕಾಗದದ ಸರಬರ ಸದ್ದು. ಇಡೀ ದಿನದಲ್ಲಿ ತರಬೇತಿ ನಿಜವಾಗಿ ನಡೆದದ್ದು ಆ ಅರ್ಧ ಗಂಟೆಯಲ್ಲಿ ಎಂದು ನನ್ನ ಭಾವನೆ.

ಶಾಯಿಯ ವಿಷಯವೂ ಹೀಗೆಯೇ. ಮೈಸೂರಿನ ಕಾರ್ಖಾನೆಯ ಆ ಅಳಿಸಲಾಗದ ಶಾಯಿ 1962ರಿಂದ ದೇಶದ ಚುನಾವಣೆಗಳಿಗೆ ಹೋಗುತ್ತಿದೆ ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಶಾಯಿ ಮೊದಲು, ಮತಪತ್ರ ಆಮೇಲೆ ಎಂಬ ಕ್ರಮ ಏಕೆ ಎಂದು ಕೇಳಿದರೆ ಉತ್ತರ ಬರಲಿಲ್ಲ. ಮತ ಹಾಕಿ ಹೊರಗೆ ಹೋಗುವಷ್ಟರಲ್ಲಿ ಬೆರಳು ಒಣಗಿರಲಿ ಎಂದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುತ್ತದೆ. ಹಸಿ ಬೆರಳಿನಿಂದ ಕಾಗದ ಹಿಡಿದರೆ ಕಾಗದವೂ ಕಪ್ಪಾಗುತ್ತದೆ, ಆದ್ದರಿಂದ ಎರಡು ಕ್ಷಣ ತಡೆದು ಕೊಡಿ ಎಂದೆ. ಕಾರಣ ಗೊತ್ತಾದರೆ ಕ್ರಮ ಮರೆಯುವುದಿಲ್ಲ.

ಸ್ಯಾನಿಟೈಸರ್, ಥರ್ಮಲ್ ಸ್ಕ್ಯಾನರ್, ಕೊನೆಯ ಒಂದು ಗಂಟೆಯಲ್ಲಿ ಕೋವಿಡ್ ಇರುವವರ ಮತದಾನ ಇವನ್ನೆಲ್ಲ ಆರೋಗ್ಯ ಇಲಾಖೆಯವರು ಬಂದು ಹೇಳಿ ಹೋದರು. ಲಕೋಟೆಗಳ ಪಟ್ಟಿಯನ್ನು ನಾನೂ ಬೇಗ ಮುಗಿಸಿದೆ, ಅದು ಬರೆದುಕೊಂಡರೆ ಸಾಕು.

ಮತ ಹಾಕುವ ಮರೆಯ ಬಗ್ಗೆ ಮಾತ್ರ ನಿಧಾನವಾಗಿ ಮಾತನಾಡಿದೆ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಅಭ್ಯರ್ಥಿ ಎಂದರೆ ಪಕ್ಕದ ಮನೆಯವರು, ಸೋದರಮಾವ, ಸಾಲ ಕೊಟ್ಟವರು, ನೀರಿನ ಸರದಿಯಲ್ಲಿ ಮುಂದೆ ಬಿಟ್ಟವರು. ಮತಗಟ್ಟೆಯೊಳಗೆ ಕುಳಿತ ಏಜೆಂಟರಿಗೆ ಬರುವವರೆಲ್ಲರ ಮೂರು ತಲೆಮಾರು ಗೊತ್ತು. ಅಂಥಲ್ಲಿ ರಟ್ಟಿನ ಮರೆಯನ್ನು ಮತದಾರರ ಬೆನ್ನು ಕಿಟಕಿಯ ಕಡೆಗೆ ಬರುವಂತೆ ಇಟ್ಟರೆ, ಹೊರಗಿನಿಂದ ಇಣುಕಿದವನಿಗೆ ಎಲ್ಲವೂ ಕಾಣುತ್ತದೆ. ವಿಧಾನಸಭೆಯ ಮತ ಬಯಲಾದರೆ ಒಬ್ಬರಿಗೆ ಬೇಸರವಾದೀತು. ಊರಿನ ಮತ ಬಯಲಾದರೆ ನಾಳೆ ಹೊಲಕ್ಕೆ ಹೋಗುವ ದಾರಿಯೇ ಮುಚ್ಚಬಹುದು. ಶನಿವಾರ ಸಂಜೆ ಮತಗಟ್ಟೆ ತಲುಪಿದ ಕೂಡಲೇ, ಚಾಪೆ ಹಾಸುವ ಮೊದಲು, ಆ ಮರೆಯೊಳಗೆ ನೀವೇ ನಿಂತು ನೋಡಿ ಎಂದೆ. ಕಿಟಕಿ ಮುಚ್ಚದಿದ್ದರೆ ಊರಿನ ನೀರುಗಂಟಿಯನ್ನು ಕೇಳಿ, ಗೋಣಿಚೀಲವನ್ನಾದರೂ ಕಟ್ಟಿಸಿ.

ನಿನ್ನೆ ಪಕ್ಕದ ತಾಲ್ಲೂಕಿನಲ್ಲಿ ಕರ್ತವ್ಯ ಮಾಡಿದ ಗೆಳತಿ ಬೆಳಿಗ್ಗೆ ಫೋನಿನಲ್ಲಿ ಹೇಳಿದ ಸಂಗತಿಯನ್ನೂ ತಿಳಿಸಿದೆ. ಕಾಲೇಜಿಗೆ ಹೋಗುವ ಹುಡುಗರು ಮತ ಒತ್ತಿ, ಕಾಗದ ಹಿಡಿದುಕೊಂಡೇ ಹೊರಬಾಗಿಲಿಗೆ ಹೊರಟರಂತೆ. ಯಂತ್ರದ ಅಭ್ಯಾಸ. ಅಲ್ಲಿನ ಅಧ್ಯಕ್ಷಾಧಿಕಾರಿ ಪೆಟ್ಟಿಗೆಯನ್ನು ಮರೆಗೂ ಬಾಗಿಲಿಗೂ ನಡುವೆ, ಎಡವಿ ಹೋಗಬೇಕಾದಂಥ ಜಾಗದಲ್ಲಿ ತನ್ನ ಕಣ್ಣೆದುರಿಗೇ ಇಡಿಸಿದ ಮೇಲೆ ಸರಿಹೋಯಿತಂತೆ. ಯಾವ ಸ್ಲೈಡಿನಲ್ಲೂ ಇಲ್ಲದ ಮಾತು ಇದು. ಎಲ್ಲರೂ ಬರೆದುಕೊಂಡರು.

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಪುರಸಭೆಯ ದ್ವಿತೀಯ ದರ್ಜೆ ಸಹಾಯಕ, ಈ ಸಲ ಮೊದಲ ಬಾರಿಗೆ ಅಧ್ಯಕ್ಷಾಧಿಕಾರಿ. ಇಡೀ ದಿನ ಒಂದು ಪ್ರಶ್ನೆಯನ್ನೂ ಕೇಳದೆ ಕುಳಿತಿದ್ದ ಹುಡುಗ.

"ಮೇಡಂ, ತೊಂದರೆಯಾಗಲಿಲ್ಲವಷ್ಟೆ? ಮತದಾನದ ಸಮಯ ಮುಗಿಯುವ ಐದು ಗಂಟೆಗೆ ಸಾಲಿನಲ್ಲಿ ಇದ್ದವರಿಗೆಲ್ಲ ಚೀಟಿ ಕೊಡಬೇಕು ಎಂದಿರಿ. ಮುಂದಿನಿಂದ ಕೊಡುತ್ತಾ ಹೋದರೆ, ನಾನು ಕೊನೆ ಮುಟ್ಟುವಷ್ಟರಲ್ಲಿ ಹಿಂದೆ ಇನ್ನಷ್ಟು ಜನ ಬಂದು ಸೇರಿಕೊಂಡಿರುತ್ತಾರಲ್ಲ?"

"ಅದಕ್ಕೇ ಕೊನೆಯವರಿಂದ ಶುರು ಮಾಡುವುದು. ಒಂದನೇ ನಂಬರಿನ ಚೀಟಿ ಸಾಲಿನ ಕಟ್ಟಕಡೆಯವರಿಗೆ. ಅಲ್ಲಿಂದ ಬಾಗಿಲ ಕಡೆಗೆ ಬನ್ನಿ. ಚೀಟಿಗಳಿಗೆ ಮೊದಲೇ ಸಹಿ ಹಾಕಿಟ್ಟುಕೊಂಡಿರಿ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಪೊಲೀಸಿನವರನ್ನು ಕೊನೆಯವರ ಹಿಂದೆ ನಿಲ್ಲಿಸಬಹುದೇ?"

"ನಿಲ್ಲಿಸಬೇಕು. ಆದರೆ ಚೀಟಿ ಕೊಡುವುದು ಮತಗಟ್ಟೆಯವರೇ."

"ನಮ್ಮ ಮತಗಟ್ಟೆಯ ಹೊರಗೆ ಬಯಲು ಮೇಡಂ, ಕಾಂಪೌಂಡ್ ಇಲ್ಲ. ಶನಿವಾರವೇ ಸುಣ್ಣದಲ್ಲಿ ಗೆರೆ ಹಾಕಿಸಿಕೊಳ್ಳುತ್ತೇನೆ" ಎಂದ.

ನನಗೆ ಅದು ಹೊಳೆದಿರಲಿಲ್ಲ. ನಾಳೆ ಬೆಳಿಗ್ಗೆ ಸೆಕ್ಟರ್ ಅಧಿಕಾರಿಗಳ ಸಭೆಯಿದೆ. ಕಾಂಪೌಂಡ್ ಇಲ್ಲದ ಮತಗಟ್ಟೆಗಳು ಯಾವುವು ಎಂದು ಪಟ್ಟಿ ಕೇಳಬೇಕು, ಮಸ್ಟರಿಂಗ್ ಸಾಮಾನಿನ ಜೊತೆ ಅವಕ್ಕೆಲ್ಲ ಒಂದೊಂದು ಪೊಟ್ಟಣ ಸುಣ್ಣದ ಪುಡಿ ಸೇರಿಸಲು ಹೇಳಬೇಕು.