ಕೂಲರ್ ಸ್ಪೀಡ್ ಮೂರಕ್ಕೆ ಇಟ್ಟರೆ ಹಿಂದಿನ ಸ್ಪೀಕರ್ ಬಂದ್: ಕೊನೆಗೂ ಕಾರಣ ಸಿಕ್ಕಿತು

ಸಿಕ್ಕಿತು! ಸಿನಿಮಾ ನಡುವೆ ಹಿಂದಿನ ಸ್ಪೀಕರ್‌ಗಳು ಆಗಾಗ ಸುಮ್ಮನಾಗಿ ಹದಿನೆಂಟು ದಿನ ಸತಾಯಿಸಿದ ತೊಂದರೆ ಮೊನ್ನೆ ರಾತ್ರಿ ಕೈಗೆ ಸಿಕ್ಕಿತು. ಪೇರಿಂಗ್, ರೀಸೆಟ್, ಫರ್ಮ್‌ವೇರ್ ಎಲ್ಲ ನೀವೂ ಮಾಡಿರುತ್ತೀರಿ, ಅದನ್ನು ಬಿಡೋಣ.

ಸೌಂಡ್‌ಬಾರ್ ಟಿವಿ ಕೆಳಗಿದೆ. ಹಿಂದಿನ ಎರಡೂ ಸ್ಪೀಕರ್‌ಗಳಿಗೆ ಸೇರಿ, ತಂತಿಯಿಲ್ಲದೆ ಸದ್ದು ಹಿಡಿಯುವ ಒಂದೇ ರಿಸೀವರ್, ಕಿಟಕಿ ಕಟ್ಟೆ ಮೇಲೆ. ಅದೇ ಕಿಟಕಿಗೆ ಹೊರಗಡೆಯಿಂದ ಕೂಲರ್. ರಾಯಚೂರಿನ ಮೇ ತಿಂಗಳಲ್ಲಿ ಅದಿಲ್ಲದೆ ಕೂತು ಸಿನಿಮಾ ನೋಡೋದು ಆಗದ ಮಾತು.

ಮೊದಲು ವೈಫೈ ಮೇಲೆ ಅನುಮಾನ ಬಂತು. ರಿಸೀವರ್ ಬೆನ್ನ ಮೇಲೆ 5.8 ಗಿಗಾಹರ್ಟ್ಸ್ ಅಂತ ಇದೆ. ರೂಟರ್ ತಾನಾಗೇ 149ನೇ ಚಾನೆಲ್ ಹಿಡಿದಿತ್ತು, ಅಂದರೆ 5745 ಮೆಗಾಹರ್ಟ್ಸ್, ರಿಸೀವರ್‌ನ 5.8ಕ್ಕೆ ಪಕ್ಕದ ಮನೆ ಇದ್ದಂಗೆ! 36ಕ್ಕೆ ಬದಲಿಸಿದೆ, 5180ಕ್ಕೆ ಇಳಿಯಿತು. ಚರಚರ ಸದ್ದು ಅವತ್ತೇ ನಿಂತಿತು. ಆದರೆ ಆಗಾಗ ಪೂರ್ತಿ ಸುಮ್ಮನಾಗುವುದು ಮಾತ್ರ ನಿಲ್ಲಲಿಲ್ಲ.

ಆಮೇಲೆ ಕೂಲರ್. ತಗಡಿನ ಮೈ, ಹೊಟ್ಟೆ ತುಂಬ ನೀರು, ಎರಡೂ ಸಿಗ್ನಲ್‌ಗೆ ಆಗಿಬರಲ್ಲ. ಆದರೆ ಬಂದ್ ಮಾಡಿದರೂ ಕೂಲರ್ ಅಲ್ಲೇ ಇರುತ್ತದೆ, ನೀರೂ ಇರುತ್ತದೆ. ಆಗ ಒಮ್ಮೆಯೂ ಕಡಿಯಲಿಲ್ಲ. ಹಾಗಾದರೆ ತಗಡು, ನೀರಿನ ತಪ್ಪಲ್ಲ, ಅಲ್ವಾ? ಮೋಟರ್ ಶುರುವಾದಾಗ ವೋಲ್ಟೇಜ್ ಬೀಳುತ್ತಿರಬಹುದು ಅಂದುಕೊಂಡೆ. ಕಂಪ್ಯೂಟರ್ ಯುಪಿಎಸ್ ತಂದು, ಗೋಡೆಯ ಪ್ಲಗ್ ಕಿತ್ತು, ರಿಸೀವರನ್ನು ಬರೀ ಬ್ಯಾಟರಿ ಮೇಲೆ ಓಡಿಸಿದೆ. ಆದರೂ ಕಡಿಯಿತು! ಅವ್ವ ಮಾತ್ರ ಖಡಾಖಂಡಿತ: "ಕೂಲರ್ ಬಂದ್ ಮಾಡಂಗಿಲ್ಲ ನೋಡಪಾ, ಬೇಕಾದ್ರ ಪಿಚ್ಚರ್ ಬಂದ್ ಮಾಡು."

ಮೊನ್ನೆ ಕೋಣೆ ಕತ್ತಲು ಮಾಡಿ ರಿಸೀವರ್‌ನ ದೀಪವನ್ನೇ ನೋಡುತ್ತಾ ಕೂತೆ. ಸಿಗ್ನಲ್ ಹೋದರೆ ನೀಲಿ ಮಿಣುಕಬೇಕು. ಇಲ್ಲಿ ಒಂದು ಕ್ಷಣ ಪೂರ್ತಿ ಆರಿತು, ಕೆಂಪಾಯಿತು, ಆಮೇಲೆ ನೀಲಿ ಮಿಣುಕಿತು. ಕೆಂಪು ಬರೋದು ಹೊಸದಾಗಿ ಕರೆಂಟ್ ಬಂದಾಗ ಮಾತ್ರ. ಸಿಗ್ನಲ್ ಅಲ್ಲ, ಕರೆಂಟೇ ಕಡಿಯುತ್ತಿದೆ! ಅಡಾಪ್ಟರ್ ಪಿನ್ ಮೇಲೆ ಬೆರಳಿಟ್ಟೆ. ಕೂಲರ್ ಮೂರಕ್ಕಿಟ್ಟರೆ ಕಿಟಕಿ ಕಟ್ಟೆ ಸಣ್ಣಗೆ ನಡುಗುತ್ತದೆ, ಜೊತೆಗೆ ಪಿನ್ನೂ ನಡುಗುತ್ತಿತ್ತು. ಒಂದಕ್ಕಿಟ್ಟರೆ ಇಲ್ಲ.

ಹಳೆ ಅಡಾಪ್ಟರ್ ಹೋದ ಮಳೆಗಾಲದಲ್ಲಿ ಸುಟ್ಟಿತ್ತು. ಇದು ಆನ್‌ಲೈನ್‌ನಲ್ಲಿ ತರಿಸಿದ್ದು. ನಾನು ಕೇಳಿದ್ದು 5.5 × 2.1, ಅಂದರೆ ಪಿನ್ನಿನ ಹೊರ ಅಗಲ 5.5, ಒಳಗಿನ ತೂತು 2.1 ಮಿಲಿಮೀಟರ್, ಚೀಲದ ಮೇಲೆ ಬರೆದಿದ್ದೂ ಅದೇ. ಅಳತೆಗೆ ವರ್ನಿಯರ್ ಹಿಡಿದರೆ ಒಳಗಿನ ತೂತು 2.5 ಮಿಲಿಮೀಟರ್! ಹೊರಗಿನಿಂದ ಎರಡೂ ಒಂದೇ ತರ, ಸಲೀಸಾಗಿ ಒಳಗೂ ಹೋಗುತ್ತದೆ. ಆದರೆ 0.4 ಮಿಲಿಮೀಟರ್ ಸಡಿಲ. ಅಳತೆ ನೋಡದೆ ಚೀಟಿ ಅಂಟಿಸಿ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ವಾಪಸ್ ಕೊಡುವ ದಿನವೂ ಮುಗಿದಿದೆ.

ನಿನ್ನೆ ರಿಸೀವರನ್ನೇ ಚೀಲದಲ್ಲಿ ಹಾಕಿಕೊಂಡು ನಮ್ಮೂರಿನ ತೀನ್ ಕಂದೀಲ್ ಕಡೆ ಹೋದೆ. ಅಂಗಡಿಯಲ್ಲೇ ಹಾಕಿ ನೋಡಿ, ಮಲ್ಟಿಮೀಟರ್‌ನಲ್ಲಿ ಪಿನ್ನಿನ ನಡುವೆ ಪ್ಲಸ್ ಇದೆಯಾ ಅಂತ ಪರೀಕ್ಷಿಸಿ, 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ತಂದೆ. ಬಿಗಿಯಾಗಿ ಕೂತಿತು. ರಿಸೀವರ್ ಅಡಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಇಟ್ಟೆ. ಕೂಲರ್ ಮೂರರಲ್ಲೇ ಇಟ್ಟು ಮೂರು ತಾಸು ಸಿನಿಮಾ ನೋಡಿದೆವು. ಒಮ್ಮೆಯೂ ಕಡಿಯಲಿಲ್ಲ. ಹಿಂದಿನಿಂದ ಮಳೆ ಸದ್ದು ಬಂದಾಗ ಅವ್ವ ಕಿಟಕಿ ಕಡೆ ತಿರುಗಿ ನೋಡಿದರು!

ಅಂದ ಹಾಗೆ, ದಪ್ಪ ಸದ್ದಿನ ಸ್ಪೀಕರ್ ಅಂದರೆ ಸಬ್‌ವೂಫರ್‌ನ ಡಬ್ಬಿಗೆ ಎಂಡಿಎಫ್ ಹಲಗೆ ಬಂದಿದೆ. ಭಾನುವಾರ ಕೊಯ್ಯಿಸುತ್ತೇನೆ. ಅದನ್ನಂತೂ ಆ ಕಿಟಕಿಯಿಂದ ದೂರವೇ ಇಡುತ್ತೇನೆ.