ಹಿತ್ತಿಲ ತೋಟ: ಯುಗಾದಿಯಿಂದ ಭರಣಿ ಮಳೆವರೆಗೆ

ಮಾರ್ಚ್ ಮೊದಲ ವಾರ

ತುಮಕೂರು ಜಿಲ್ಲೆಯ ಗುಬ್ಬಿಯಿಂದ ಚೇಳೂರು ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ತೆಂಗು, ಒಂದಿಷ್ಟು ಅಡಿಕೆ, ಬೇಲಿ ಸಾಲಲ್ಲಿ ಹುಣಸೆ, ಮಳೆ ಕೈ ಹಿಡಿದರೆ ರಾಗಿ. ಮನೆ ಹಿಂದೆ ಅರ್ಧ ಗುಂಟೆ ಹಿತ್ತಿಲಿದೆ, ಐನೂರು ಚಿಲ್ಲರೆ ಚದರಡಿ. ಈ ಬೇಸಿಗೆ ಮನೆ ತರಕಾರಿ ಅಲ್ಲೇ ಬೆಳೆಯಬೇಕು ಅಂತ ಹೊರಟಿದ್ದೇನೆ. ಷರತ್ತು ಮಾವನದು. "ತೆಂಗಿನ ನೀರಿಗೆ ಕೈ ಹಾಕ್ಬೇಡ, ಮಿಕ್ಕಿದ್ದು ಏನ್ ಬೇಕಾದ್ರೂ ಮಾಡ್ಕೊಳಮ್ಮ" ಅಂದರು. ನ್ಯಾಯವಾದ ಮಾತೇ. ಬೋರ್‌ವೆಲ್ ಈಗಲೇ ಕೆಮ್ಮುತ್ತಿದೆ, ಇನ್ನು ಏಪ್ರಿಲ್ ಬಾಕಿ ಇದೆ.

ಹಾಗಾಗಿ ಇರುವುದು ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ಬೇಳೆ ತೊಳೆದ ನೀರು. ಮೂರನ್ನೂ ಬೇರೆ ಬೇರೆ ಮಾಡಿದೆ. ಸೋಪು ಇರುವ ಬಚ್ಚಲ ನೀರು ಜಲ್ಲಿ ಮರಳಿನ ಗುಂಡಿ ದಾಟಿ ಬಾಳೆ ಬುಡಕ್ಕೆ. ಅಕ್ಕಿ ತೊಳೆದದ್ದು ಸೊಪ್ಪಿಗೆ. ಪಾತ್ರೆ ತೊಳೆದದ್ದು, ಅತ್ತೆ ಬೂದಿಯಲ್ಲಿ ತೊಳೆದ ದಿನ ಬದನೆಗೆ, ಲಿಕ್ವಿಡ್ ಹಾಕಿದ ದಿನ ಬಾಳೆಗೆ.

ಟೊಮೆಟೊ ಈ ಸಲ ಬೇಡ ಅಂತ ಮೊದಲೇ ಬಿಟ್ಟೆ. ಹಗಲು 35 ಡಿಗ್ರಿ ದಾಟಿದರೆ ಹೂವು ಉದುರುತ್ತದೆ, ಜೊತೆಗೆ ಬಿಳಿ ನೊಣ ಬಂದು ಎಲೆ ಮುದುರು ರೋಗ ಹಚ್ಚುತ್ತದೆ. ಬೇಸಿಗೆ ತಡೆಯುವವು ಬೆಂಡೆ, ಹೀರೆ, ಅಲಸಂದೆ, ದಂಟು. ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೀಜ ತಂದೆ. ಹಳದಿ ನಂಜು ರೋಗ ತಡೆಯಲೆಂದೇ ಮಾಡಿದ ತಳಿ ಅದು. ಬದನೆ ಮಾತ್ರ ಹೋದ ವರ್ಷದ್ದೇ ಗಿಡ. ಮೊಣಕಾಲೆತ್ತರಕ್ಕೆ ಕಡಿದು ಗೊಬ್ಬರ ಕೊಟ್ಟಿದ್ದೇನೆ, ಚಿಗುರುತ್ತಿದೆ.

ಯುಗಾದಿ ಹಿಂದೆ ಮುಂದೆ

ಮಡಕೆ ಹೂತಿದ್ದು ಈ ವಾರದ ದೊಡ್ಡ ಕೆಲಸ. ಸಂತೆಯಲ್ಲಿ ಕುಂಬಾರರ ಹತ್ತಿರ ಬಣ್ಣ ಬಳಿಯದ ಸಾದಾ ಮಡಕೆಗಳನ್ನೇ ಆರಿಸಿ ತಂದೆ. ಬಣ್ಣ ಬಳಿದಿದ್ದರೆ ನೀರು ಜಿನುಗುವುದಿಲ್ಲ. ಕತ್ತಿನವರೆಗೆ ಮಣ್ಣಲ್ಲಿ ಹೂತು, ನೀರು ತುಂಬಿ, ಮೇಲೆ ಹಳೇ ತಟ್ಟೆ ಮುಚ್ಚಬೇಕು. ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಸುತ್ತಲೂ ಹೀರೆ ಬೀಜ ಹಾಕಿದೆ. ಮಣ್ಣು ಒಣಗಿದಷ್ಟೂ ಮಡಕೆಯಿಂದ ನೀರು ಎಳೆದುಕೊಳ್ಳುತ್ತದೆ, ಒದ್ದೆ ಇದ್ದರೆ ಸುಮ್ನಿರುತ್ತದೆ. ಟೈಮರೂ ಬೇಡ, ಕರೆಂಟೂ ಬೇಡ. ಒಂದೇ ತೊಂದರೆ, ಸೋಪಿನ ನೀರು, ಗಂಜಿ ನೀರು ಹಾಕಿದರೆ ಸಣ್ಣ ತೂತೆಲ್ಲ ಕಟ್ಟಿಕೊಳ್ಳುತ್ತವೆ. ಅದಕ್ಕೆ ತರಕಾರಿ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ.

ಹಬ್ಬದ ದಿನ ಮಾವ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಹೂಡಿದರು. ಎತ್ತು ಈಗ ನಮ್ಮಲ್ಲಿಲ್ಲ. ಪಕ್ಕದ ಹೊಲದವರ ಜೋಡಿಯನ್ನೇ ಕರೆತಂದು, ನೇಗಿಲಿಗೆ ಪೂಜೆ ಮಾಡಿ, ಒಂದು ಸುತ್ತು ಹೊಡೆದದ್ದಷ್ಟೇ. ಟ್ರ್ಯಾಕ್ಟರಿಗೆ ಮಾವಿನ ತೋರಣ ಕಟ್ಟಿ ಮುಗಿಸುವವರೇ ಜಾಸ್ತಿ ಈಗ. ಅದೂ ತಪ್ಪೇನಲ್ಲ, ಉಳುವುದು ಅದೇ ತಾನೇ. ಒಬ್ಬಟ್ಟಿನ ಸಾರು ಮೂರು ದಿನ ಕುದಿಯಿತು. ಹಬ್ಬದ ಮಾರನೇ ದಿನ ಹೊಸತೊಡಕಿನ ಬಾಡೂಟ, ತೋಟದ ಕಡೆ ಯಾರೂ ತಲೆ ಹಾಕಲಿಲ್ಲ.

ಬೇಲಿಯ ಹೊಂಗೆ ಮರಗಳು ಎಲೆ ಉದುರಿಸಿ ಹೊಸದಾಗಿ ಚಿಗುರಿವೆ. ಉದುರಿದ್ದನ್ನೆಲ್ಲ ಗುಡಿಸಿ, ಮಣ್ಣಿನ ತೇವ ಆರದಿರಲಿ ಅಂತ ಪಾತಿಗೆ ಮುಚ್ಚಿಗೆ ಹಾಕಿದೆ. ಅದರ ಮೇಲೆ ತೆಂಗಿನ ಗರಿ, ಕಾಯಿ ಸಿಪ್ಪೆ. ಸಿಪ್ಪೆಯನ್ನು ಕವುಚಿ ಹಾಕಬೇಕೋ ಅಂಗಾತ ಹಾಕಬೇಕೋ ಅಂತ ಅತ್ತೆಗೂ ಮಾವನಿಗೂ ಒಂದು ಸಂಜೆ ಪೂರ್ತಿ ಚರ್ಚೆ ನಡೆಯಿತು. ನಾನು ಅರ್ಧ ಹಾಗೆ, ಅರ್ಧ ಹೀಗೆ ಹಾಕಿ ಸಮಾಧಾನ ಮಾಡಿದೆ.

ಏಪ್ರಿಲ್, ರೇವತಿ ಮಳೆ ಬರಲೇ ಇಲ್ಲ

ಹಿತ್ತಿಲಿಗೆ ಸಂಜೆ ಮಾತ್ರ ಸಮಯ, ಯಾಕಂದ್ರೆ ಹುಣಸೆ ಕೆಲಸ ಶುರುವಾಗಿದೆ. ಮರ ಹತ್ತಿ ಕೊಂಬೆ ಅಲ್ಲಾಡಿಸುವವರು ಒಬ್ಬರು, ಕೆಳಗೆ ಗಳದಲ್ಲಿ ಬಡಿಯುವವರು ಒಬ್ಬರು, ಟಾರ್ಪಾಲು ಹಿಡಿದು ಬೈಸಿಕೊಳ್ಳುವವಳು ನಾನು. ಹಣ್ಣು ಪೂರ್ತಿ ಬಲಿತರೆ ಮೇಲಿನ ಓಡು ಒಳಗಿನ ತಿರುಳನ್ನು ಬಿಟ್ಟಿರುತ್ತದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಷ್ಟಾಗುವ ಮೊದಲೇ ಬಡಿದರೆ ಓಡು ಬಿಡಿಸುವವರು ಬೈಯುತ್ತಾರೆ, ಬೈಯಲೇಬೇಕು.

ಆಮೇಲೆ ಜಗಲಿ ಕೆಲಸ. ಓಡು ತೆಗೆದು, ನಾರು ಎಳೆದು, ಕುಟ್ಟಿ ಬೀಜ ಬೇರೆ ಮಾಡಬೇಕು. ಊರಿನ ಹೆಂಗಸರು ಕೆಜಿ ಲೆಕ್ಕದಲ್ಲಿ ಕುಟ್ಟಿ ಕೊಡುತ್ತಾರೆ. ಬೀಜಕ್ಕೂ ಬೆಲೆ ಇದೆ, ಅದು ಅಂಟು ಮತ್ತು ಪುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ. ಇದು ತುಮಕೂರು ಎಪಿಎಂಸಿಗೆ ಮೂಟೆ ಹೋಗುವ ಕಾಲ. ಹುಣಸೆಗೆ ಅದು ರಾಜ್ಯದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ರೇಟು ನಿಲ್ಲುವುದು ಬಣ್ಣದ ಮೇಲೆ. ಹೊಸ ಹಣ್ಣು ಕೆಂಚಗಿರುತ್ತದೆ, ಸೆಖೆಯಲ್ಲಿ ಇಟ್ಟಷ್ಟೂ ಕಪ್ಪಾಗುತ್ತದೆ. ಅದಕ್ಕೇ ವ್ಯಾಪಾರಿಗಳು ಕೋಲ್ಡ್ ಸ್ಟೋರೇಜಿಗೆ ಹಾಕಿಡುತ್ತಾರೆ. ನಮಗೆ ಆ ಸೌಕರ್ಯ ಎಲ್ಲಿ? ಮನೆಗೆ ಬೇಕಾದಷ್ಟನ್ನು ಉಪ್ಪು ಬೆರೆಸಿ ಉಂಡೆ ಕಟ್ಟಿ ಜಾಡಿಗೆ ತುಂಬಿದೆವು, ಮಿಕ್ಕಿದ್ದು ಹೋಯಿತು. ಓಡಿನ ಚೂರು ರಾಶಿ ಬಿದ್ದಿತ್ತು, ಅದೂ ಮುಚ್ಚಿಗೆಗೆ ಬಂತು.

ಹಿತ್ತಿಲಲ್ಲಿ ಹೀರೆ ಎರಡೆಲೆ ಬಿಡುವಾಗಲೇ ಕೆಂಪು ದುಂಬಿ ಬಂತು. ಬೆಳಗಿನ ತೇವ ಇರುವಾಗ ಒಲೆ ಬೂದಿ ಉದುರಿಸಿದೆ. ಎಲೆ ನಾಲ್ಕೈದಾದ ಮೇಲೆ ದುಂಬಿ ಕಾಟ ತಾನೇ ಕಮ್ಮಿಯಾಯಿತು. ಅಲಸಂದೆ ಕುಡಿಗೆ ಕಪ್ಪು ಹೇನು ಹತ್ತಿತು. ಬೇವಿನ ಎಣ್ಣೆ ಲೀಟರಿಗೆ 5 ಎಂಎಲ್, ಬೆರೆಯಲು ಚೂರು ಸೋಪು. ಅದಕ್ಕಿಂತ ಮುಖ್ಯ, ಇರುವೆ ಸಾಲು ತಪ್ಪಿಸುವುದು. ಹೇನು ಸುರಿಸುವ ಸಿಹಿಗೆ ಇರುವೆಗಳೇ ಕಾವಲು ನಿಲ್ಲುತ್ತವೆ. ನವಿಲಿಗೆ ಮಾತ್ರ ಮದ್ದಿಲ್ಲ. ದಂಟಿನ ಪಾತಿ ಮೇಲೆ ಹಳೇ ಸೀರೆ ಕಟ್ಟಿದ್ದೇನೆ. ನೆರಳೂ ಆಯಿತು, ನವಿಲೂ ದೂರ ನಿಂತಿತು. ಅತ್ತೆಗೆ ಆ ಸೀರೆ ಮೇಲೆ ಇನ್ನೂ ಆಸೆ ಇದ್ದದ್ದು ಆಮೇಲೆ ಗೊತ್ತಾಯಿತು.

ಹಲಸಿನ ಗಿಡದ ಕೆಳಗೆ ಕಪ್ಪು ಮಿಡಿ ಉದುರುತ್ತಿದೆ ಅಂತ ಮಗಳು ಹೆದರಿದಳು. ಅವು ಗಂಡು ಮಿಡಿ, ಉದುರಬೇಕಾದ್ದೇ. ಇದು ಚೇಳೂರಿನ ಸಿದ್ದು ಹಲಸಿನ ಕಸಿ ಗಿಡ. ತೊಳೆ ತಾಮ್ರಗೆಂಪು ಬರುತ್ತದಲ್ಲ, ಅದೇ. ನಮ್ಮದರಲ್ಲಿ ಈ ವರ್ಷ ಎರಡು ಹೆಣ್ಣು ಮಿಡಿ ನಿಂತಿವೆ.

ಭರಣಿ ಮಳೆ

ಹೀರೆ ಚಪ್ಪರ ತುಂಬಾ ಹೂವು, ಕಾಯಿ ಇಲ್ಲ. ಮೊದಲು ಬರುವುದೆಲ್ಲ ಗಂಡು ಹೂವೇ, ಕಾಯಬೇಕು. ಹೆಣ್ಣು ಹೂವು ಬಂದ ಮೇಲೂ ಇನ್ನೊಂದು ತಕರಾರು. ಹೀರೆ ಹೂವು ಅರಳುವುದು ಸಂಜೆ. ಬೆಳಗ್ಗೆ ಓಡಾಡುವ ಜೇನು ಬರುವ ಹೊತ್ತಿಗೆ ಬಾಡಿರುತ್ತದೆ. ಹಾಗಾಗಿ ಸಂಜೆ ಹಸು ಹಾಲು ಕರೆದ ಮೇಲೆ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ನಾನೇ ಮುಟ್ಟಿಸುತ್ತಿದ್ದೇನೆ. ಕಾಯಿ ಕಚ್ಚತೊಡಗಿವೆ. ಬೆಂಡೆ ದಿನ ಬಿಟ್ಟು ದಿನ ಸಿಗುತ್ತಿದೆ. ದಂಟಿನ ಬಸ್ಸಾರು, ಮುದ್ದೆ ವಾರಕ್ಕೆರಡು ಸಲ ಆಗುತ್ತಿದೆ, ಮಗಳು ಮುಖ ಸಿಂಡರಿಸುವಷ್ಟು.

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತಾರೆ. ಮೊನ್ನೆ ಗಾಳಿ ಸಮೇತ ಒಂದು ಅಡ್ಡ ಮಳೆ ಆಯಿತು. ಒಂದು ಬಾಳೆ ಮುರಿಯಿತು, ಸೀರೆ ಹರಿಯಿತು. ಮುಚ್ಚಿಗೆ ಹಾಕಿದ ಪಾತಿಯಲ್ಲಿ ಬೆರಳು ಇಟ್ಟರೆ ನಾಲ್ಕನೇ ದಿನವೂ ತಂಪು. ಹಾಕದ ಬದಿಯಲ್ಲಿ ಮಾರನೇ ದಿನವೇ ಮಣ್ಣು ಒಣಗಿ ಗಟ್ಟಿಯಾಗಿತ್ತು. ಮಾವ ನೋಡಿ ಏನೂ ಹೇಳಲಿಲ್ಲ. ಆದರೆ ಸಂಜೆ ತೆಂಗಿನ ಬುಡಗಳಿಗೆ ಸಿಪ್ಪೆ ಹೊರಲು ಆಳು ಮಾತಾಡಿಕೊಂಡು ಬಂದರು.

ಮುಂದೆ ಇರುವ ಕೆಲಸ: ಹೀರೆಯಲ್ಲಿ ಒಂದು ಒಳ್ಳೇ ಕಾಯಿ ಬೀಜಕ್ಕೆ ಬಿಡುವುದು, ಮಳೆಗಾಲಕ್ಕೆ ಮಡಕೆಗಳನ್ನು ಕಿತ್ತು ತೊಳೆದಿಡುವುದು, ತೆಂಗಿನ ನೆರಳಲ್ಲಿ ಅರಿಶಿನದ ಗಡ್ಡೆ ಇಡುವುದು. ಗಡ್ಡೆ ಅತ್ತೆಯ ತವರಿಂದ ಬರಬೇಕು. ಹೊಸ ಸೀರೆ ಕೊಡಿಸಿದ ಮೇಲೆ ಕೇಳೋಣ ಅಂತಿದ್ದೇನೆ.